ಸಣ್ಣ ನಾಯಿಯು ವಿಷಕರ ತಿನಿಸನ್ನು ತಿಂದಾಗ

ಹಬ್ಬದ ದಿನ ಮನೆಗೆ ಬಂದ ಅತಿಥಿಗಳು ಚಾಕೊಲೇಟಿನ ಪೆಟ್ಟಿಗೆಯೊಂದನ್ನು ತಂದಿರುತ್ತಾರೆ. ಅದನ್ನು ಸೋಫಾದ ಪಕ್ಕದ ಮೇಜಿನ ಮೇಲಿರಿಸಿ ಎಲ್ಲರೂ ಊಟಕ್ಕೆ ಏಳುತ್ತಾರೆ. ಊಟ ಮುಗಿಸಿ ಬರುವ ವೇಳೆಗೆ ಪೆಟ್ಟಿಗೆ ನೆಲದ ಮೇಲಿದೆ. ಹೊಳೆಯುವ ಕಾಗದ ಚೂರುಚೂರಾಗಿದೆ. ನಾಲ್ಕು ಕಿಲೋ ತೂಕದ ಪಾಮರೇನಿಯನ್ ನಾಯಿ ಬಾಯಿ ಚಪ್ಪರಿಸುತ್ತ ಬಾಲವಾಡಿಸುತ್ತಿದೆ. ಮಕ್ಕಳು ನಗುತ್ತಾರೆ. ಹಿರಿಯರು, "ಪರವಾಗಿಲ್ಲ, ಚೆನ್ನಾಗಿಯೇ ಇದೆಯಲ್ಲ, ಬೆಳಿಗ್ಗೆ ನೋಡಿದರಾಯಿತು" ಎನ್ನುತ್ತಾರೆ.

ಅಪಾಯವಿರುವುದು ಈ ಮಾತಿನಲ್ಲಿಯೇ. ನಾಯಿಗೆ ವಿಷವಾಗಬಲ್ಲ ಮನೆಯ ತಿನಿಸುಗಳಲ್ಲಿ ಬಹುಪಾಲಿನವು ಕೂಡಲೇ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಚಾಕೊಲೇಟಿನ ಪರಿಣಾಮ ಪೂರ್ಣವಾಗಿ ಗೋಚರಿಸಲು ಆರರಿಂದ ಹನ್ನೆರಡು ಗಂಟೆಗಳು ಬೇಕಾಗಬಹುದು. ಒಣದ್ರಾಕ್ಷಿಯಿಂದ ಮೂತ್ರಪಿಂಡಕ್ಕಾದ ಹಾನಿ ಬೆಳಕಿಗೆ ಬರಲು ಒಂದರಿಂದ ಮೂರು ದಿನ, ಈರುಳ್ಳಿಯಿಂದಾದ ರಕ್ತಹೀನತೆಗೆ ಇನ್ನೂ ಹೆಚ್ಚು ದಿನಗಳು ಹಿಡಿಯುತ್ತವೆ. ಇವುಗಳಲ್ಲಿ ಯಾವುದಕ್ಕೂ ನಿರ್ದಿಷ್ಟವಾದ ಪ್ರತಿವಿಷವಿಲ್ಲ. ತಿಂದದ್ದನ್ನು ಅದು ರಕ್ತಕ್ಕೆ ಸೇರುವ ಮೊದಲೇ ಹೊಟ್ಟೆಯಿಂದ ಹೊರತೆಗೆಯುವುದೇ ಮುಖ್ಯ ಚಿಕಿತ್ಸೆ. ಆ ಅವಕಾಶ ಸಾಮಾನ್ಯವಾಗಿ ಮೊದಲ ಒಂದೆರಡು ಗಂಟೆಗಳದ್ದು. ಲಕ್ಷಣಗಳಿಗಾಗಿ ಕಾಯುವವರು ಆ ಗಂಟೆಗಳನ್ನೇ ಕಳೆದುಕೊಳ್ಳುತ್ತಾರೆ.

ತೂಕದ ಲೆಕ್ಕ

ವಿಷದ ಪರಿಣಾಮವನ್ನು ನಿರ್ಧರಿಸುವುದು ತಿಂದ ಪ್ರಮಾಣವೊಂದೇ ಅಲ್ಲ. ಅದು ಎಷ್ಟು ತೂಕದ ದೇಹದಲ್ಲಿ ಹಂಚಿಹೋಯಿತು ಎಂಬುದೂ ಅಷ್ಟೇ ಮುಖ್ಯ. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಎಂಬ ವಸ್ತುವನ್ನೇ ತೆಗೆದುಕೊಳ್ಳೋಣ. ಕಡುಕಪ್ಪು ಚಾಕೊಲೇಟಿನ ಒಂದು ಗ್ರಾಮಿನಲ್ಲಿ ಇದು ಸುಮಾರು 5 ಮಿಲಿಗ್ರಾಂ ಇರುತ್ತದೆ. 50 ಗ್ರಾಂ ತೂಕದ ಒಂದು ಬಿಲ್ಲೆಯನ್ನು 30 ಕಿಲೋ ತೂಗುವ ಲ್ಯಾಬ್ರಡಾರ್ ತಿಂದರೆ ದೇಹತೂಕದ ಪ್ರತಿ ಕಿಲೋಗೆ ಬೀಳುವುದು ಸುಮಾರು 8 ಮಿಲಿಗ್ರಾಂ. ಹೆಚ್ಚೆಂದರೆ ಹೊಟ್ಟೆ ಕೆಡಬಹುದು. ಅದೇ ಬಿಲ್ಲೆಯನ್ನು 4 ಕಿಲೋ ತೂಗುವ ನಾಯಿ ತಿಂದರೆ ಪ್ರತಿ ಕಿಲೋಗೆ 62 ಮಿಲಿಗ್ರಾಂ ದಾಟುತ್ತದೆ. ಕಿಲೋಗೆ 20 ಮಿಲಿಗ್ರಾಮಿನಲ್ಲಿ ವಾಂತಿ, ಭೇದಿ, ಚಡಪಡಿಕೆ. 40ರಿಂದ 50ರಲ್ಲಿ ಹೃದಯದ ಬಡಿತದಲ್ಲಿ ಏರುಪೇರು. 60ರಲ್ಲಿ ಸೆಳವು — ಇದು ಪಶುವೈದ್ಯರು ಸಾಮಾನ್ಯವಾಗಿ ಅನುಸರಿಸುವ ಅಳತೆ. ಒಂದೇ ಬಿಲ್ಲೆ ಒಂದು ನಾಯಿಗೆ ಅಜೀರ್ಣ, ಮತ್ತೊಂದಕ್ಕೆ ಪ್ರಾಣಾಪಾಯ.

ಆದುದರಿಂದ ಮಹಾನಗರಗಳ ಫ್ಲ್ಯಾಟುಗಳಲ್ಲಿ ಪಾಮರೇನಿಯನ್, ಪಗ್, ಶಿಟ್ಸು, ಡ್ಯಾಷ್‌ಹಂಡ್‌ನಂತಹ ಸಣ್ಣ ತಳಿಗಳನ್ನು ಸಾಕುವವರು ತಮ್ಮ ನಾಯಿಯ ತೂಕವನ್ನು ಸದಾ ತಿಳಿದಿರಬೇಕು. ಇದಕ್ಕೆ ವಿಶೇಷ ಸಾಧನ ಬೇಕಿಲ್ಲ. ನಾಯಿಯನ್ನೆತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ತಾವೊಬ್ಬರೇ ನಿಂತು, ವ್ಯತ್ಯಾಸವನ್ನು ಬರೆದಿಟ್ಟುಕೊಂಡರೆ ಸಾಕು.

"ನಮ್ಮೂರಿನ ನಾಯಿಗಳು ಸಾರನ್ನ ತಿಂದೇ ಬದುಕಲಿಲ್ಲವೆ?" ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಬದುಕಿದವು, ನಿಜ. ಆ ನಾಯಿಗಳು ಹದಿನೈದು ಇಪ್ಪತ್ತು ಕಿಲೋ ತೂಗುತ್ತಿದ್ದವು. ಅವಕ್ಕೆ ಸಿಗುತ್ತಿದ್ದುದು ಎಲೆಯಲ್ಲಿ ಉಳಿದ ತುತ್ತು. ಚಾಕೊಲೇಟಂತೂ ಮನೆಯಲ್ಲೇ ಇರುತ್ತಿರಲಿಲ್ಲ. ಬದುಕದೇ ಹೋದವುಗಳ ಲೆಕ್ಕವನ್ನು ಯಾರೂ ಇಡಲಿಲ್ಲ ಎಂಬುದೂ ಗಮನಿಸತಕ್ಕ ಸಂಗತಿ.

ಅಡುಗೆಮನೆಯಲ್ಲಿರುವ ವಿಷಗಳು

ಮನುಷ್ಯನು ತಿಂದ ಚಾಕೊಲೇಟಿನ ಥಿಯೋಬ್ರೋಮಿನ್ ಆರರಿಂದ ಹತ್ತು ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ನಾಯಿಯ ದೇಹದಲ್ಲಿ ಇದಕ್ಕೆ ಸುಮಾರು ಹದಿನೇಳೂವರೆ ಗಂಟೆ ಬೇಕು. ನಾಯಿಗೆ ಚಾಕೊಲೇಟ್ ವಿಷವಾಗುವುದಕ್ಕೆ ಈ ನಿಧಾನವೇ ಕಾರಣ. ಬಣ್ಣ ಕಪ್ಪಾದಷ್ಟೂ ಅಪಾಯ ಹೆಚ್ಚು. ಹಾಲಿನ ಚಾಕೊಲೇಟಿನಲ್ಲಿ ಗ್ರಾಮಿಗೆ ಸುಮಾರು 2 ಮಿಲಿಗ್ರಾಂ ಇದ್ದರೆ, ಕೇಕಿಗೆ ಬಳಸುವ ಕೋಕೋ ಪುಡಿಯಲ್ಲಿ ಅದರ ಹತ್ತು ಪಟ್ಟಿನಷ್ಟೂ ಇರಬಹುದು. ಕಾಫಿಪುಡಿ ಮತ್ತು ಚಹಾಪುಡಿಗಳಲ್ಲಿರುವ ಕೆಫೀನ್ ಇದೇ ಜಾತಿಯದು. ಫಿಲ್ಟರಿನಿಂದ ತೆಗೆದು ಕಸದ ಬುಟ್ಟಿಗೆ ಹಾಕಿದ ಕಾಫಿಯ ಚರಟದಲ್ಲಿಯೂ ಅದು ಉಳಿದಿರುತ್ತದೆ. ಫಿಲ್ಟರ್ ಕಾಫಿಯ ಮನೆಗಳಲ್ಲಿ ಆ ಬುಟ್ಟಿಗೆ ಮುಚ್ಚಳವಿರಬೇಕು.

ದ್ರಾಕ್ಷಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಹಣ್ಣೊಂದು ವಿಷವಾಗಬಹುದೆಂದು ಯಾರೂ ಶಂಕಿಸುವುದಿಲ್ಲ. ದ್ರಾಕ್ಷಿ ಮತ್ತು ಒಣದ್ರಾಕ್ಷಿಗಳು ನಾಯಿಗಳ ಮೂತ್ರಪಿಂಡವನ್ನು ಕೆಡಿಸಬಲ್ಲವೆಂಬ ವರದಿ ವೈದ್ಯಕೀಯ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು 2001ರ ಸುಮಾರಿಗೆ. ಹಳೆಯ ಪಶುಪಾಲನೆಯ ಪುಸ್ತಕಗಳಲ್ಲಿ ಈ ಎಚ್ಚರಿಕೆ ದೊರೆಯದು. ಕಾರಣವೇನೆಂಬುದು ಬಹುಕಾಲ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಪ್ರಾಣಿವಿಷ ತಜ್ಞರು ದ್ರಾಕ್ಷಿಯಲ್ಲಿ ಹೇರಳವಾಗಿರುವ ಟಾರ್ಟಾರಿಕ್ ಆಮ್ಲದ ಕಡೆಗೆ ಬೆರಳು ತೋರಿದರು. ಹಣ್ಣಿನ ತಳಿ, ಪಕ್ವತೆಗಳನ್ನನುಸರಿಸಿ ಈ ಆಮ್ಲದ ಪ್ರಮಾಣ ಬದಲಾಗುತ್ತದೆ. ಆದುದರಿಂದಲೇ ಒಂದು ನಾಯಿ ಒಂದು ಗೊಂಚಲು ತಿಂದೂ ಸುಖವಾಗಿರುತ್ತದೆ, ಮತ್ತೊಂದು ಹಿಡಿಯಷ್ಟಕ್ಕೇ ಹಾಸಿಗೆ ಹಿಡಿಯುತ್ತದೆ. ಇಷ್ಟರವರೆಗೆ ತಿಂದರೆ ಭಯವಿಲ್ಲ ಎಂದು ಗೆರೆಯೆಳೆದು ಹೇಳಲಾಗದು. ದೇಹತೂಕದ ಕಿಲೋಗೆ 3 ಗ್ರಾಮಿಗಿಂತಲೂ ಕಡಿಮೆ ಒಣದ್ರಾಕ್ಷಿಯಿಂದ ಹಾನಿಯಾದ ಉದಾಹರಣೆಗಳಿವೆ. 4 ಕಿಲೋ ನಾಯಿಗೆ ಇದು 12 ಗ್ರಾಮಿನೊಳಗಾಯಿತು. ಪಾಯಸಕ್ಕೆಂದು ತುಪ್ಪದಲ್ಲಿ ಹುರಿದಿಟ್ಟ ಬಟ್ಟಲಿನಲ್ಲಿ ಅಷ್ಟು ಸುಲಭವಾಗಿ ಇರುತ್ತದೆ.

ಟಾರ್ಟಾರಿಕ್ ಆಮ್ಲದ ಮಾತು ಬಂದಮೇಲೆ ನಮ್ಮ ಅಡುಗೆಮನೆಯ ಮತ್ತೊಂದು ವಸ್ತುವನ್ನು ಬಿಡುವಂತಿಲ್ಲ. ಅದು ಹುಣಸೆಹಣ್ಣು. ಹುಣಸೆಯ ಹುಳಿ ಮುಖ್ಯವಾಗಿ ಈ ಆಮ್ಲದ್ದೇ. ಹುಣಸೆಹಣ್ಣು ತಿಂದ ನಾಯಿಗಳಲ್ಲಿಯೂ ಇದೇ ರೀತಿ ಮೂತ್ರಪಿಂಡ ಕೆಟ್ಟ ಪ್ರಕರಣಗಳು 2022ರಲ್ಲಿ ಪ್ರಕಟವಾಗಿವೆ. ಅನ್ನಕ್ಕೆ ಸೋಕಿದ ಒಂದೆರಡು ತೊಟ್ಟು ಸಾರಿಗಾಗಿ ಗಾಬರಿಯಾಗಬೇಕಿಲ್ಲ. ಆದರೆ ನೆನೆಹಾಕಿದ ಹುಣಸೆಯ ಉಂಡೆ, ಪುಳಿಯೋಗರೆಯ ಗೊಜ್ಜು, ಬೆಲ್ಲ ಬೆರೆಸಿದ ಸಿಹಿ ಚಟ್ನಿ ಇವು ನಾಯಿಯ ಬಾಯಿಗೆ ಸಿಕ್ಕರೆ ದ್ರಾಕ್ಷಿಯಷ್ಟೇ ಗಂಭೀರವಾಗಿ ಪರಿಗಣಿಸಬೇಕು.

ಈರುಳ್ಳಿ ಮತ್ತು ಬೆಳ್ಳುಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಒಣಗಿಸಿ ಪುಡಿ ಮಾಡಿದರೂ ಈ ಗುಣ ಹೋಗುವುದಿಲ್ಲ. ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ರಕ್ತದಲ್ಲಿ ಸ್ಪಷ್ಟ ಬದಲಾವಣೆ ತರಬಲ್ಲದು. ಅಂದರೆ ನೂರು ಗ್ರಾಂ ತೂಗುವ ಒಂದೇ ಗೆಡ್ಡೆ 4 ಕಿಲೋ ನಾಯಿಗೆ ಸಾಕು. ತೂಕಕ್ಕೆ ತೂಕ ಹೋಲಿಸಿದರೆ ಬೆಳ್ಳುಳ್ಳಿ ಇನ್ನೂ ತೀಕ್ಷ್ಣ. ದಿನವೂ ಸ್ವಲ್ಪ ಸ್ವಲ್ಪವಾಗಿ ಪಲ್ಯ, ಸಾಗುಗಳ ಮೂಲಕ ಹೊಟ್ಟೆಗೆ ಹೋದರೂ ಹಾನಿ ಒಟ್ಟುಗೂಡುತ್ತದೆ. ಕೆಲವು ದಿನಗಳ ನಂತರ ನಾಯಿ ಸೊರಗುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದುಗೆಂಪಾಗುತ್ತದೆ. ಅಷ್ಟರಲ್ಲಿ ಈರುಳ್ಳಿಯ ನೆನಪು ಮನೆಯವರಿಗೆ ಉಳಿದಿರುವುದಿಲ್ಲ.

ಇವೆಲ್ಲಕ್ಕಿಂತ ವೇಗವಾಗಿ ಕೊಲ್ಲಬಲ್ಲದ್ದು ಕ್ಸೈಲಿಟಾಲ್ ಎಂಬ ಕೃತಕ ಸಿಹಿ. ಸಕ್ಕರೆರಹಿತ ಚ್ಯೂಯಿಂಗ್ ಗಮ್, ಬಾಯಿಗೆ ಹಾಕಿಕೊಳ್ಳುವ ಪುದೀನ ಗುಳಿಗೆ, ಕೆಲವು ಟೂತ್‌ಪೇಸ್ಟ್‌ಗಳು, ಆಮದಾದ ಕೆಲವು ಕಡಲೆಕಾಯಿ ಬೆಣ್ಣೆಗಳಲ್ಲಿ ಇದಿರುತ್ತದೆ. ಮನುಷ್ಯರಿಗೆ ನಿರಪಾಯಕಾರಿಯಾದ ಇದು ನಾಯಿಯ ದೇಹದಲ್ಲಿ ಇನ್ಸುಲಿನ್ನನ್ನು ಒಮ್ಮೆಗೇ ಉಕ್ಕಿಸಿ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೇ ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸಬಹುದು. ಕಿಲೋಗೆ ಒಂದು ಗ್ರಾಮಿನ ಹತ್ತನೆಯ ಒಂದು ಪಾಲು ಇದಕ್ಕೆ ಸಾಕು. ಅರ್ಧ ಗ್ರಾಂ ಮುಟ್ಟಿದರೆ ಯಕೃತ್ತಿಗೂ ಅಪಾಯ. ಪೊಟ್ಟಣದ ಮೇಲೆ ಹೆಸರಿನ ಬದಲು 967 ಎಂಬ ಸಂಖ್ಯೆಯನ್ನಷ್ಟೇ ಮುದ್ರಿಸಿರಬಹುದು. ಆ ಸಂಖ್ಯೆ ಕ್ಸೈಲಿಟಾಲಿನದೇ. ಸಕ್ಕರೆರಹಿತವೆಂಬ ಎಲ್ಲ ಪದಾರ್ಥಗಳಲ್ಲಿಯೂ ಇದಿರುತ್ತದೆ ಎಂದಲ್ಲ. ಆದುದರಿಂದ ಪೊಟ್ಟಣವನ್ನು ಓದದೆ ತೀರ್ಮಾನಕ್ಕೆ ಬರಬಾರದು.

ಮದ್ಯ, ಯೀಸ್ಟ್ ಬೆರೆಸಿದ ಹಸಿ ಹಿಟ್ಟು, ಬೂಷ್ಟು ಹಿಡಿದ ಹಳಸಲು ಆಹಾರ ಇವೂ ಈ ಸಾಲಿಗೆ ಸೇರುತ್ತವೆ. ತುಪ್ಪ ಸುರಿಯುವ ಮೈಸೂರುಪಾಕು ವಿಷವಲ್ಲವಾದರೂ, ಒಂದೇ ಸಲಕ್ಕೆ ಹೆಚ್ಚಾಗಿ ತಿಂದ ಸಣ್ಣ ನಾಯಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಬರಬಹುದು. ಹೋಳಿಯ ಸಮಯದಲ್ಲಿ ದೆಹಲಿ ಮುಂತಾದ ಕಡೆ ಭಂಗಿ ಬೆರೆಸಿದ ಠಂಡಾಯಿ ಕುಡಿದ ನಾಯಿ ತೂರಾಡುತ್ತದೆ, ಸಣ್ಣ ಸದ್ದಿಗೂ ಬೆಚ್ಚುತ್ತದೆ, ತಿಳಿಯದೆಯೇ ಮೂತ್ರ ಸೋರಿಸುತ್ತದೆ. ಇಂಥಲ್ಲಿ ಮನೆಯವರು ಸಂಕೋಚದಿಂದ ನಿಜವನ್ನು ಮರೆಮಾಚಿದರೆ ವೈದ್ಯರು ಬೇರೆ ರೋಗಗಳನ್ನು ಹುಡುಕುತ್ತ ಕಾಲ ಕಳೆಯಬೇಕಾಗುತ್ತದೆ. ವೈದ್ಯರಿಗೆ ಬೇಕಾದುದು ಚಿಕಿತ್ಸೆಗೆ ಆಧಾರ, ಮನೆಯವರ ಗುಣದೋಷಗಳ ವಿಚಾರಣೆಯಲ್ಲ.

ಮೊದಲ ಅರ್ಧ ಗಂಟೆ

ನಾಯಿ ಏನನ್ನೋ ತಿನ್ನುತ್ತಿರುವುದು ಕಂಡೊಡನೆ ಉಳಿದದ್ದನ್ನು ಅದರಿಂದ ದೂರ ಮಾಡಿ, ನಾಯಿಯನ್ನು ಬೇರೊಂದು ಕೋಣೆಯಲ್ಲಿರಿಸಬೇಕು. ಬಾಯಲ್ಲಿ ಕಾಣುವ ಚೂರುಗಳನ್ನು, ನಾಯಿ ಶಾಂತವಾಗಿದ್ದರೆ ಮಾತ್ರ, ಮೆಲ್ಲನೆ ತೆಗೆಯಬಹುದು. ಅನಂತರ ನೆಲದ ಮೇಲಿರುವುದನ್ನು ಗುಡಿಸಿ ಎಸೆಯುವ ಮುನ್ನ ಒಮ್ಮೆ ನಿಂತು ಲೆಕ್ಕ ಹಾಕಬೇಕು: ಪೊಟ್ಟಣದಲ್ಲಿ ಎಷ್ಟಿತ್ತು, ಈಗ ಎಷ್ಟು ಉಳಿದಿದೆ, ಕೊನೆಯ ಬಾರಿ ನೋಡಿದಾಗ ಗಂಟೆ ಎಷ್ಟಾಗಿತ್ತು? ಸರಿಯಾಗಿ ತಿಳಿಯದಿದ್ದರೆ ಹೆಚ್ಚಿನ ಅಂದಾಜನ್ನೇ ಹಿಡಿಯಬೇಕು. ಮನೆಯಲ್ಲಿ ಎರಡು ನಾಯಿಗಳಿದ್ದರೆ ಎಲ್ಲವನ್ನೂ ಚಿಕ್ಕದೇ ತಿಂದಿತೆಂದು ಭಾವಿಸಿ ನಡೆಯುವುದು ಕ್ಷೇಮ.

ಕೂಡಲೇ ಪಶುವೈದ್ಯರಿಗೆ ದೂರವಾಣಿ ಮಾಡಿ ನಾಲ್ಕು ಸಂಗತಿಗಳನ್ನು ತಿಳಿಸಬೇಕು: ತಿಂದ ಪದಾರ್ಥ, ಅದರ ಪ್ರಮಾಣ, ತಿಂದ ಸಮಯ, ನಾಯಿಯ ತೂಕ. ನಾಯಿಗೆ ಮೊದಲೇ ಇರುವ ಕಾಯಿಲೆ ಅಥವಾ ಔಷಧಗಳಿದ್ದರೆ ಅದನ್ನೂ ಹೇಳಬೇಕು. ಎಷ್ಟೋ ವೇಳೆ ಈ ಲೆಕ್ಕವನ್ನು ಕೇಳಿದ ವೈದ್ಯರೇ "ಭಯವಿಲ್ಲ, ಮನೆಯಲ್ಲೇ ನೋಡಿಕೊಳ್ಳಿ" ಎನ್ನಬಹುದು. ಆ ನಿರ್ಣಯ ಅವರದಾಗಿರಬೇಕು, ನೆರೆಮನೆಯವರದಲ್ಲ. ದೂರವಾಣಿಯಲ್ಲಿ ಯಾರೂ ಸಿಗದಿದ್ದರೆ ಕಾಯುತ್ತ ಕೂರದೆ ಹತ್ತಿರದ ಆಸ್ಪತ್ರೆಗೆ ಹೊರಡುವುದೇ ಸರಿ. ಪೊಟ್ಟಣವನ್ನೂ ಉಳಿದ ಚೂರುಗಳನ್ನೂ, ನಾಯಿ ವಾಂತಿ ಮಾಡಿದ್ದರೆ ಅದರ ಸ್ವಲ್ಪ ಭಾಗವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಜೊತೆಗೊಯ್ಯಬೇಕು.

ಕ್ಸೈಲಿಟಾಲ್ ತಿಂದ ನಾಯಿ ದಾರಿಯಲ್ಲಿ ನಿತ್ರಾಣಗೊಂಡು ಓಲಾಡತೊಡಗಿದರೆ ಸ್ವಲ್ಪ ಜೇನುತುಪ್ಪವನ್ನೋ ಸಕ್ಕರೆಪಾಕವನ್ನೋ ಬೆರಳಿನಿಂದ ವಸಡಿಗೆ ಸವರಬಹುದು. ಪ್ರಜ್ಞೆ ತಪ್ಪಿದ ನಾಯಿಯ ಬಾಯಿಗೆ ಏನನ್ನೂ ಸುರಿಯಕೂಡದು. ಸೆಳವು ಬಂದಿರುವಾಗ ಬಾಯಿಯ ಹತ್ತಿರ ಕೈ ಒಯ್ಯಬಾರದು. ದಪ್ಪ ಟವೆಲಿನಲ್ಲಿ ಸಡಿಲವಾಗಿ ಸುತ್ತಿ ಎತ್ತಿಕೊಳ್ಳಬೇಕು. ಗಾಬರಿಯಲ್ಲಿ ಸ್ವಂತ ನಾಯಿಯೇ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಮನುಷ್ಯರ ವೈದ್ಯರನ್ನು ಕಾಣುವುದನ್ನು ಮರೆಯಬಾರದು.

ಮನೆಮದ್ದಿನ ಕೇಡು

ನಾಯಿ ವಿಷ ತಿಂದಿತೆಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮಲ್ಲಿ ರೂಢಿಯಾಗಿದೆ. ಇದು ಅತ್ಯಂತ ಅಪಾಯಕರ. ವಾಂತಿಯಾಗದೆ ಹೊಟ್ಟೆಯಲ್ಲೇ ಉಳಿದ ಉಪ್ಪು ರಕ್ತದ ಸೋಡಿಯಂ ಅಂಶವನ್ನು ಏರಿಸಿ ಮಿದುಳಿಗೆ ಹಾನಿ ಮಾಡುತ್ತದೆ. ನಾಲ್ಕು ಕಿಲೋ ದೇಹಕ್ಕೆ ಕೆಲವು ಚಮಚ ಉಪ್ಪು ತಾನೇ ಒಂದು ವಿಷ. ಗಂಟಲಿಗೆ ಬೆರಳು ಹಾಕುವುದರಿಂದ ಗಂಟಲು ಗಾಯವಾಗುವುದೇ ಹೊರತು ಪ್ರಯೋಜನವಿಲ್ಲ. ಹಾಲು, ಎಣ್ಣೆ, ತುಪ್ಪಗಳು ವಿಷವನ್ನು ಮುರಿಯುತ್ತವೆಂಬ ನಂಬಿಕೆಗೂ ಆಧಾರವಿಲ್ಲ. ಬಲವಂತವಾಗಿ ಕುಡಿಸಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಖಂಡಿತ.

ಹೈಡ್ರೋಜನ್ ಪೆರಾಕ್ಸೈಡ್ ಕುಡಿಸುವ ಸಲಹೆಯನ್ನು ಹೊರದೇಶಗಳ ಪುಸ್ತಕಗಳಲ್ಲಿ ಕೆಲವರು ಓದಿರಬಹುದು. ಅಲ್ಲಿ ಹೇಳಿರುವುದು ಶೇಕಡಾ 3ರ ದ್ರಾವಣವನ್ನು, ಅದೂ ವೈದ್ಯರು ದೂರವಾಣಿಯಲ್ಲಿ ಅಳತೆ ಹೇಳಿದ ಮೇಲೆ. ನಮ್ಮ ಔಷಧದಂಗಡಿಗಳಲ್ಲಿ ದೊರೆಯುವ "20 ವಾಲ್ಯೂಮ್" ಶೀಸೆಯಲ್ಲಿರುವುದು ಸುಮಾರು ಶೇಕಡಾ 6ರ ದ್ರಾವಣ. ಅದು ಅನ್ನನಾಳ, ಜಠರಗಳ ಒಳಪೊರೆಯನ್ನು ಸುಡಬಲ್ಲದು. ಪಗ್ ಮತ್ತು ಶಿಟ್ಸುಗಳಂತೆ ಮೂತಿ ಚಪ್ಪಟೆಯಾದ ನಾಯಿಗಳಲ್ಲಿ ವಾಂತಿ ಶ್ವಾಸನಾಳಕ್ಕೆ ಸೇರುವ ಭಯ ಹೆಚ್ಚು. ವಾಂತಿ ಮಾಡಿಸುವ ಕೆಲಸವನ್ನು ಆಸ್ಪತ್ರೆಗೆ ಬಿಡುವುದೇ ಲೇಸು.

ಇಲಿಪಾಷಾಣದ ವಿಷಯ ತಿನಿಸಿನದಲ್ಲವಾದರೂ, ಅದನ್ನು ತಿನಿಸಿನಲ್ಲಿಯೇ ಬೆರೆಸಿಡುವುದರಿಂದ ಒಂದು ಮಾತು. ಜಿಂಕ್ ಫಾಸ್ಫೈಡ್ ಬೆರೆತ ಉಂಡೆಯನ್ನು ನಾಯಿ ತಿಂದಿದ್ದರೆ ಅದಕ್ಕೆ ಯಾವ ಆಹಾರವನ್ನೂ ಕೊಡಬಾರದು. ಜಠರದ ಆಮ್ಲದೊಡನೆ ಸೇರಿ ಆ ವಸ್ತು ವಿಷಾನಿಲವನ್ನು ಹೊರಸೂಸುತ್ತದೆ. ನಾಯಿಯ ವಾಂತಿಯಿಂದ ಹೊರಬರುವ ಆ ಅನಿಲ ಸುತ್ತ ನಿಂತವರಿಗೂ ಅಪಾಯ. ಕಿಟಕಿಗಳನ್ನು ತೆರೆದಿಡಬೇಕು, ವಾಹನದಲ್ಲಿಯೂ ಕೂಡ.

ಪರಭಾಷಾ ಊರಿನಲ್ಲಿ ವೈದ್ಯರೊಡನೆ

ಹೊರನಾಡಿನಲ್ಲಿರುವ ಕನ್ನಡಿಗರಿಗೆ ಇನ್ನೊಂದು ತೊಡಕು ಪದಗಳದ್ದು. ಕನ್ನಡದ ಅಡುಗೆಮನೆಯಲ್ಲಿ "ದ್ರಾಕ್ಷಿ, ಗೋಡಂಬಿ" ಎಂದರೆ ಒಣಗಿದ್ದೆಂದೇ ಅರ್ಥ. ಆದರೆ ಅದೇ ಪದವನ್ನು ವೈದ್ಯರ ಮುಂದೆ ಬಳಸಿದರೆ ಹಸಿ ಹಣ್ಣೆಂದು ತಿಳಿಯಬಹುದು. ಒಣಗಿದಾಗ ನೀರಿನಂಶ ಹೋಗಿ ಉಳಿದುದೆಲ್ಲ ಸಾಂದ್ರವಾಗುವುದರಿಂದ ಈ ಭೇದ ಲೆಕ್ಕವನ್ನೇ ಬದಲಿಸುತ್ತದೆ. ಹಿಂದಿಯಲ್ಲಿ ಒಣದ್ರಾಕ್ಷಿಗೆ ಕಿಶ್‌ಮಿಶ್, ಮರಾಠಿಯಲ್ಲಿ ಮನುಕಾ ಅಥವಾ ಬೇದಾಣಾ, ತೆಲುಗಿನಲ್ಲಿ ಎಂಡು ದ್ರಾಕ್ಷ, ತಮಿಳಿನಲ್ಲಿ ಉಲರ್ ದಿರಾಟ್ಚೈ. ಹುಣಸೆಗೆ ಇಮ್ಲಿ, ಚಿಂಚ, ಚಿಂತಪಂಡು, ಪುಳಿ. ಈರುಳ್ಳಿಗೆ ಪ್ಯಾಜ್, ಕಾಂದಾ, ಉಲ್ಲಿಪಾಯ, ವೆಂಗಾಯಂ. ಎಲ್ಲಕ್ಕಿಂತ ಉತ್ತಮವೆಂದರೆ ಪದಾರ್ಥವನ್ನೇ ಕೈಯಲ್ಲಿ ಹಿಡಿದು ತೋರಿಸುವುದು.

ಮುಂಬಯಿಯ ಪರೇಲಿನಲ್ಲಿರುವ ಬಾಯಿ ಸಾಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯೂ, ಚೆನ್ನೈನ ವೇಪೇರಿಯಲ್ಲಿ 1903ರಲ್ಲಿ ಆರಂಭವಾದ ಮದರಾಸು ಪಶುವೈದ್ಯ ಕಾಲೇಜಿನ ಆಸ್ಪತ್ರೆಯೂ ದೇಶದ ಹಳೆಯ ಚಿಕಿತ್ಸಾಲಯಗಳು. ಹೈದರಾಬಾದಿನ ರಾಜೇಂದ್ರನಗರದಲ್ಲಿಯೂ ಬೆಂಗಳೂರಿನ ಹೆಬ್ಬಾಳದಲ್ಲಿಯೂ ಪಶುವೈದ್ಯ ಕಾಲೇಜುಗಳಿವೆ. ಹಲವು ರಾಜ್ಯಗಳಲ್ಲಿ 1962 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಸಂಚಾರಿ ಪಶುಚಿಕಿತ್ಸಾ ಘಟಕವನ್ನು ಕರೆಸಿಕೊಳ್ಳಬಹುದು. ಆದರೆ ಆ ವ್ಯವಸ್ಥೆ ಪ್ರಧಾನವಾಗಿ ಹಳ್ಳಿಗಳ ದನಕರುಗಳಿಗಾಗಿ ಇರುವಂಥದು. ನಗರದಲ್ಲಿ ವಿಷಪ್ರಾಶನವಾದಾಗ ವಾಹನ ಬರಲೆಂದು ಕಾಯುವುದಕ್ಕಿಂತ ಆಟೋ ಹಿಡಿದು ಹೊರಡುವುದು ಬೇಗನೆ ಆಗುತ್ತದೆ. ತಮ್ಮ ಬಡಾವಣೆಯ ಸುತ್ತ ರಾತ್ರಿ ವೇಳೆ ತೆರೆದಿರುವ ಚಿಕಿತ್ಸಾಲಯ ಯಾವುದೆಂದು ಹಗಲಿನಲ್ಲಿಯೇ ವಿಚಾರಿಸಿ, ಅದರ ಸಂಖ್ಯೆಯನ್ನೂ ನಾಯಿಯ ತೂಕವನ್ನೂ ಒಂದೇ ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿಡಬೇಕು.

ಆಸ್ಪತ್ರೆಯಲ್ಲಿ ನಡೆಯುವುದು

ನಾಯಿ ಎಚ್ಚರವಾಗಿದ್ದು ಹೆಚ್ಚು ಹೊತ್ತಾಗಿರದಿದ್ದರೆ ವೈದ್ಯರು ಔಷಧ ಕೊಟ್ಟು ವಾಂತಿ ಮಾಡಿಸುತ್ತಾರೆ. ಚಾಕೊಲೇಟ್ ಜಠರದಲ್ಲಿ ಮುದ್ದೆಗಟ್ಟಿ ನಿಲ್ಲುವುದರಿಂದ ಕೆಲವು ಗಂಟೆಗಳ ನಂತರವೂ ಈ ಪ್ರಯತ್ನ ಫಲ ಕೊಡಬಹುದು. ತಡವಾಯಿತೆಂದು ಹೋಗದೇ ಇರುವುದು ಸಲ್ಲದು. ಬಳಿಕ ಉಳಿದ ವಿಷವನ್ನು ಹೀರಲೆಂದು ಸಕ್ರಿಯ ಇದ್ದಿಲನ್ನು ಕೊಡುವುದುಂಟು. ಕ್ಸೈಲಿಟಾಲನ್ನು ಇದ್ದಿಲು ಅಷ್ಟಾಗಿ ಹೀರುವುದಿಲ್ಲ. ಅಲ್ಲಿ ಸಿರೆಯ ಮೂಲಕ ಗ್ಲೂಕೋಸ್ ನೀಡಿ ರಕ್ತದ ಸಕ್ಕರೆಯನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಾಗುತ್ತದೆ. ದ್ರಾಕ್ಷಿ, ಹುಣಸೆಗಳಾದರೆ ಸಾಮಾನ್ಯವಾಗಿ ಎರಡು ದಿನಗಳ ಕಾಲ ಡ್ರಿಪ್ ಕೊಟ್ಟು ಮೂತ್ರಪಿಂಡಗಳನ್ನು ಕಾಪಾಡುತ್ತಾರೆ. ಈ ಎರಡು ದಿನಗಳ ವೆಚ್ಚ, ಓಡಾಟಗಳು ಅನೇಕರಿಗೆ ಹೊರೆಯೆನಿಸುತ್ತವೆ. ಮೂತ್ರ ನಿಂತ ಮೇಲಿನ ಚಿಕಿತ್ಸೆ ಅದಕ್ಕಿಂತ ಎಷ್ಟೋ ದುಬಾರಿ, ಫಲವೂ ಅನಿಶ್ಚಿತ.

ಚಾಕೊಲೇಟ್ ತಿಂದ ನಾಯಿಯನ್ನು ಮನೆಗೆ ಕಳುಹಿಸುವಾಗ ಅದನ್ನು ಆಗಾಗ್ಗೆ ಮೂತ್ರಕ್ಕೆ ಕರೆದೊಯ್ಯಬೇಕೆಂದು ವೈದ್ಯರು ಹೇಳುತ್ತಾರೆ. ಥಿಯೋಬ್ರೋಮಿನ್ ಮೂತ್ರಕೋಶದಲ್ಲಿ ನಿಂತರೆ ಅಲ್ಲಿಂದ ಮರಳಿ ರಕ್ತಕ್ಕೆ ಸೇರಬಲ್ಲದಾದುದರಿಂದ ಈ ಸೂಚನೆ. ಪರಿಣಾಮ ಮೂರು ದಿನಗಳವರೆಗೂ ಇರಬಹುದು. ದ್ರಾಕ್ಷಿಯಾಗಿದ್ದರೆ ಮೂತ್ರದ ಪ್ರಮಾಣ ಕಡಿಮೆಯಾಗುತ್ತಿದೆಯೇ ಎಂದು ಗಮನಿಸಿ, ವೈದ್ಯರು ಹೇಳಿದ ದಿನ ಮೂತ್ರಪಿಂಡಗಳ ರಕ್ತಪರೀಕ್ಷೆ ಮಾಡಿಸಬೇಕು. ಈರುಳ್ಳಿಯಾಗಿದ್ದರೆ ನಾಯಿ ಲವಲವಿಕೆಯಿಂದಿದ್ದರೂ ಮೂರರಿಂದ ಐದು ದಿನಗಳ ನಂತರ ರಕ್ತವನ್ನು ಇನ್ನೊಮ್ಮೆ ನೋಡಬೇಕು. ಅಲ್ಲಿಯವರೆಗೆ ದಿನಕ್ಕೆರಡು ಬಾರಿ ತುಟಿಯೆತ್ತಿ ವಸಡಿನ ಬಣ್ಣವನ್ನು ಬೆಳಕಿನಲ್ಲಿ ಪರೀಕ್ಷಿಸಿ, ಅದು ತಿಳಿಗುಲಾಬಿಯಿಂದ ಬಿಳಿಚಿದರೂ ಕಂದಿದರೂ ಮರುಭೇಟಿಯ ದಿನಕ್ಕಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.